ವಾಯುಪಡೆಯ ಪೈಲಟ್ ವೃತ್ತಿ ಬಿಟ್ಟು ಕಾಸರಗೋಡಿನಲ್ಲಿ ಸಣ್ಣ ಉದ್ಯಮ: ಅನುಭವಸ್ಥರಲ್ಲಿ ಒಂದು ಪ್ರಶ್ನೆ

ಪ್ರಶ್ನೆ: ಮುಳ್ಳೇರಿಯದ ಪೈಲಟ್

ಎಲ್ಲರಿಗೂ ನಮಸ್ಕಾರ. ನಾನು ಮುಳ್ಳೇರಿಯದ ಸಮೀಪದವನು. ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತು, ಹದಿನೇಳನೆಯ ವಯಸ್ಸಿನಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದೆ. ಬಳಿಕ ಎಚ್‌ಪಿಟಿ-32 ವಿಮಾನದಲ್ಲಿ ಹಾರಾಟದ ಮೊದಲ ಪಾಠಗಳು, ಹೈದರಾಬಾದಿನ ಹಾಕಿಂಪೇಟೆಯಲ್ಲಿ ಹೆಲಿಕಾಪ್ಟರ್ ತರಬೇತಿ, ಕೆಲವು ವರ್ಷ ಚೀತಾ ಎಂಬ ಹಗುರ ಹೆಲಿಕಾಪ್ಟರ್, ಆಮೇಲೆ ಎಂಐ-17 ಎಂಬ ದೊಡ್ಡ ಹೆಲಿಕಾಪ್ಟರ್. ಕಮಿಷನ್ ಸಿಕ್ಕಿ, ಅಂದರೆ ಅಧಿಕಾರಿಯಾಗಿ, ಈಗ 19ನೆಯ ವರ್ಷ ನಡೆಯುತ್ತಿದೆ. 2013ರ ಜೂನ್ ತಿಂಗಳ ಉತ್ತರಾಖಂಡದ ಪ್ರವಾಹದಲ್ಲಿಯೂ 2018ರ ಆಗಸ್ಟ್ ತಿಂಗಳ ಕೇರಳದ ಪ್ರವಾಹದಲ್ಲಿಯೂ ಹಾರಾಟ ನಡೆಸಿದ್ದೇನೆ. ಇದನ್ನು ಹೇಳುವ ಉದ್ದೇಶ ಇಷ್ಟೆ, ನನಗೆ ಬರುವ ಕೆಲಸ ಯಾವುದು ಎಂಬುದು ಓದುವವರಿಗೆ ತಿಳಿದಿರಲಿ.

ಮನೆಯಲ್ಲಿ ಮೂರು ಎಕರೆ ಅಡಿಕೆ ತೋಟವಿದೆ, ಸ್ವಲ್ಪ ತೆಂಗು ಇದೆ. ತಂದೆಯವರಿಗೆ 76 ವರ್ಷ. ಕಳೆದ ವರ್ಷ ಮದ್ದು ಬಿಡುವವರು ಹೊತ್ತಿಗೆ ಸರಿಯಾಗಿ ಸಿಗದೆ ಕೊಳೆರೋಗ ಬಂದು ಅರ್ಧ ಫಸಲು ನೆಲಕ್ಕೆ ಬಿದ್ದಿತು. ಅಂಗಳದಲ್ಲಿ ಕುಳಿತು ಎಳೆಯಡಿಕೆ ಹೆಕ್ಕುತ್ತಿದ್ದ ತಂದೆಯವರು ದೂರವಾಣಿಯಲ್ಲಿ ಆ ವಿಷಯವನ್ನು ತಿಳಿಸಿದರೇ ವಿನಾ ನನ್ನನ್ನು ಬಾ ಎಂದು ಕರೆಯಲಿಲ್ಲ. ಕರೆಯಲಿಲ್ಲವೆಂಬುದೇ ನನ್ನನ್ನು ಈಗ ಕಾಡುತ್ತಿದೆ.

20 ವರ್ಷ ತುಂಬಿದ ಮೇಲೆ ಸ್ವಇಚ್ಛೆಯಿಂದ ನಿವೃತ್ತಿ ಪಡೆದು ಊರಿಗೆ ಬರುವ ಯೋಚನೆ ಇದೆ. ಸಿವಿಲ್ ಹೆಲಿಕಾಪ್ಟರ್ ಕಂಪನಿಗಳಲ್ಲಿ ಕೆಲಸ ಸಿಗಬಹುದು. ಆದರೆ ಅದು ಮತ್ತೆ ಮುಂಬಯಿಯ ಸಮುದ್ರದ ಮೇಲಿನ ತೈಲ ಬಾವಿಗಳ ಕಡೆಗೋ ತೀರ್ಥಕ್ಷೇತ್ರಗಳ ಕಡೆಗೋ ಅಲೆಯುವ ಬದುಕು. ಊರಿನಲ್ಲಿಯೇ ನಿಂತು ಮಾಡಬಹುದಾದ ಮೂರು ಕೆಲಸಗಳು ಮನಸ್ಸಿನಲ್ಲಿವೆ: ಡ್ರೋನ್ ಮೂಲಕ ಅಡಿಕೆಗೆ ಮದ್ದು ಸಿಂಪಡಿಸುವ ಸೇವೆ, ಅಡಿಕೆ ಮರದ ಹಾಳೆಯಿಂದ ತಟ್ಟೆ ಮಾಡುವ ಘಟಕ, ಇಲ್ಲವೇ ತೆಂಗಿನೆಣ್ಣೆಯ ಗಿರಣಿ. ಸೇನೆಯಲ್ಲಿ ಹಾರಾಟ ನಡೆಸಿ ಬಂದು ಇಂಥ ಉದ್ಯಮಕ್ಕೆ ಕೈ ಹಾಕಿದವರು ಇಲ್ಲಿದ್ದರೆ, ಮೊದಲ ಎರಡು ಮೂರು ವರ್ಷ ನಿಜವಾಗಿ ಹೇಗೆ ಕಳೆಯಿತು, ಅಲ್ಲಿ ಕಲಿತದ್ದರಲ್ಲಿ ಯಾವುದು ಇಲ್ಲಿ ಉಪಯೋಗಕ್ಕೆ ಬಂತು, ಯಾವುದನ್ನು ಬಿಡಬೇಕಾಯಿತು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನೀರ್ಚಾಲಿನ ಎಣ್ಣೆಗಿರಣಿಯವ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು 22 ವರ್ಷ ವಾಯುಪಡೆಯಲ್ಲಿದ್ದು, ಅದರಲ್ಲಿ ಹೆಚ್ಚಿನ ಕಾಲ ಎಎನ್-32 ಸಾಗಾಟ ವಿಮಾನ ಹಾರಿಸಿದವನು. ಯಲಹಂಕದಲ್ಲಿ ಕಲಿತೆ, ಜೋರ್ಹಾಟ್‌ನಲ್ಲಿ ಪಳಗಿದೆ. ಊರಿಗೆ ಬಂದು ಹನ್ನೊಂದು ವರ್ಷವಾಯಿತು. ನೀರ್ಚಾಲಿನಲ್ಲಿ ಎಕ್ಸ್‌ಪೆಲ್ಲರ್ (ಎಣ್ಣೆ ಹಿಂಡುವ ಯಂತ್ರ) ಇರುವ ಒಂದು ಚಿಕ್ಕ ಎಣ್ಣೆಗಿರಣಿ ನಡೆಸುತ್ತಿದ್ದೇನೆ. ನನ್ನನ್ನೂ ಸೇರಿಸಿ ಐದು ಮಂದಿ ಕೆಲಸ ಮಾಡುತ್ತೇವೆ.

ಹಣದ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ಅಧಿಕಾರಿಗಳಿಗೆ ಪಿಂಚಣಿ ದಕ್ಕಲು 20 ವರ್ಷಗಳ ಅರ್ಹ ಸೇವೆ ಬೇಕು ಎಂಬುದು ನಿಮಗೆ ಗೊತ್ತೇ ಇದೆ, ಆದುದರಿಂದ ಒಂದು ದಿನ ಕಡಿಮೆಯಾದರೂ ಅರ್ಜಿ ಕೊಡಬೇಡಿ. ನಮ್ಮ ಪಿಂಚಣಿಯ ಅರ್ಧದಷ್ಟನ್ನು ಒಟ್ಟಾಗಿ ಮುಂಗಡ ಪಡೆಯಬಹುದು, ಹಾಗೆ ಪಡೆದ ಭಾಗ 15 ವರ್ಷಗಳ ಬಳಿಕವಷ್ಟೇ ಪುನಃ ಪಿಂಚಣಿಗೆ ಸೇರುತ್ತದೆ. ನಾನು ಪೂರ್ತಿ ಅರ್ಧವನ್ನು ತೆಗೆದುಕೊಂಡು, ಆ ಹಣವನ್ನೆಲ್ಲ ಕಟ್ಟಡಕ್ಕೂ ಯಂತ್ರಕ್ಕೂ ಸುರಿದೆ. ಗಿರಣಿ ಓಡಲು ಬೇಕಾದ ತ್ರೀ ಫೇಸ್ ವಿದ್ಯುತ್ತು ಬರಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ಹೊಸ ಯಂತ್ರಗಳ ಮೇಲೆ ಟಾರ್ಪಾಲು ಹೊದೆಸಿ, ಅರ್ಧ ಪಿಂಚಣಿಯಲ್ಲಿ ಮನೆ ನಡೆಸಿದೆವು. ಯಂತ್ರಕ್ಕಿಂತ ಮೊದಲು ವಿದ್ಯುತ್ತು, ವಿದ್ಯುತ್ತಿಗಿಂತ ಮೊದಲು ಕೊಬ್ಬರಿ ಎಲ್ಲಿಂದ ಬರುತ್ತದೆ ಎಂಬ ಖಚಿತತೆ ಇರಬೇಕಿತ್ತು. ವಿಮಾನದಲ್ಲಾಗಿದ್ದರೆ ಇಂಥ ಕ್ರಮಭಂಗವನ್ನು ನಾನು ಎಂದೂ ಮಾಡುತ್ತಿರಲಿಲ್ಲ.

ಇನ್ನೊಂದು ಮಾತು. ಒಂದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ಸೇವೆ ಮಾಡಿದವರಿಗೆ, ನಿವೃತ್ತಿ ಯಾವಾಗ ಆಗಿದ್ದರೂ ಒಂದೇ ಪಿಂಚಣಿ ಕೊಡುವ 'ಒಂದು ಶ್ರೇಣಿ ಒಂದು ಪಿಂಚಣಿ' ಯೋಜನೆಯ 2015ರ ನವೆಂಬರ್ 7ರ ಆದೇಶದಲ್ಲಿ, ಅಂದಿನಿಂದ ಮುಂದೆ ಸ್ವಂತ ಕೋರಿಕೆಯಿಂದ ಸೇವೆ ಬಿಡುವವರಿಗೆ ಆ ಸೌಲಭ್ಯವಿಲ್ಲವೆಂದು ಬರೆದಿದೆ. ಆ ಷರತ್ತು ನ್ಯಾಯಮಂಡಳಿಯ ಮುಂದೆ ಹೋದ ವಿಷಯವಾದುದರಿಂದ, ನೀವು ಅರ್ಜಿ ಕೊಡುವ ದಿನ ಅದರ ಸ್ಥಿತಿ ಏನೆಂಬುದನ್ನು ಲೆಕ್ಕಪತ್ರ ಶಾಖೆಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ.

ಗಿರಣಿಯ ಮೊದಲ ವರ್ಷದ ಕಥೆ ಹೀಗಿದೆ. ನವೆಂಬರ್ ತಿಂಗಳಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಬ್ಬರಿ ಕೊಂಡೆ. ಹೊರಗಿನಿಂದ ಬೆಳ್ಳಗೆ ಚೆನ್ನಾಗಿತ್ತು, ಒಳಗೆ ಹಸಿ ಇತ್ತು. ಕೊಬ್ಬರಿಯ ತೇವಾಂಶ ಶೇಕಡಾ 6ರ ಆಸುಪಾಸಿಗೆ ಇಳಿಯದೆ ಗಿರಣಿಗೆ ಹಾಕಬಾರದು, ಹಾಕಿದರೆ ಎಣ್ಣೆ ಕಡಿಮೆ ಇಳಿಯುತ್ತದೆ, ಇಳಿದ ಎಣ್ಣೆ ಬೇಗ ಕಮಟುತ್ತದೆ, ಹಸಿಯಾಗಿಯೇ ಕೂಡಿಟ್ಟರೆ ಬೂಷ್ಟು ಹಿಡಿದು ವಿಷಾಂಶ ಸೇರುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆದರೆ ಕೈಯಲ್ಲಿ ಮುರಿದು ಅದರ ಸದ್ದು ಕೇಳಿ ತೇವ ಹೇಳುವ ಹಿರಿಯರೊಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೂ ಅವರ ಮಾತನ್ನು ಆ ದಿನ ನಾನು ಕೇಳಲಿಲ್ಲ. ಮಾರಿದ ಎಣ್ಣೆಯಲ್ಲಿ ಮುನ್ನೂರು ಲೀಟರಿಗಿಂತ ಹೆಚ್ಚು ಹಿಂದಕ್ಕೆ ಬಂತು. ಅಂಗಡಿಯವರು ಸುಮ್ಮನೆ ಇಟ್ಟು ಹೋದರು, ಯಾರೂ ಜಗಳ ಮಾಡಲಿಲ್ಲ, ಎರಡು ವರ್ಷ ನನ್ನಲ್ಲಿ ಎಣ್ಣೆ ಕೊಳ್ಳಲೂ ಇಲ್ಲ.

ಆಗ ನನಗೆ ಒದಗಿದ್ದು ಫಾರ್ಮ್ 700. ಹಾರುವ ಮುನ್ನ ವಿಮಾನದ ಆ ದಾಖಲೆ ಪುಸ್ತಕವನ್ನು ಓದಿ, ಹಿಂದಿನ ದೋಷ ಏನು, ಅದನ್ನು ಸರಿಪಡಿಸಿದವರು ಯಾರು ಎಂದು ನೋಡಿ ನಾವು ಸಹಿ ಹಾಕುತ್ತೇವೆ. ಸಹಿ ಹಾಕಿದ ಮೇಲೆ ವಿಮಾನ ನಮ್ಮ ಹೊಣೆ. ಗಿರಣಿಗೂ ಅಂಥದೊಂದು ಪುಸ್ತಕ ಇಟ್ಟೆ. ಪ್ರತಿ ಚೀಲದ ಕೊಬ್ಬರಿ ಯಾರ ಮನೆಯದು, ತೇವ ಎಷ್ಟು, ಎಷ್ಟು ಕಿಲೋಗೆ ಎಷ್ಟು ಎಣ್ಣೆ ಇಳಿಯಿತು, ಹಿಂಡಿ ಎಷ್ಟು, ಯಂತ್ರ ಎಷ್ಟು ಹೊತ್ತಿಗೆ ಬಿಸಿಯಾಯಿತು ಎಂಬುದೆಲ್ಲ ಅದರಲ್ಲಿದೆ. ಒಳ್ಳೆಯ ಕೊಬ್ಬರಿಯಲ್ಲಿ ತೂಕದ ಶೇಕಡಾ 60ಕ್ಕಿಂತ ಮೇಲೆ ಎಣ್ಣೆ ಇಳಿಯಬೇಕು, ಇಳಿಯದ ದಿನ ಪುಸ್ತಕ ತೆರೆದರೆ ಕಾರಣ ಸಿಗುತ್ತದೆ. ನಮ್ಮ ಹಿರಿಯರಿಗೆ ಬರೆಯಲು ಅಷ್ಟಾಗಿ ಬಾರದು. ಅವರು ಹೇಳುತ್ತಾರೆ, ಅವರ ಮೊಮ್ಮಗಳು ಸಂಜೆ ಬಂದು ಬರೆಯುತ್ತಾಳೆ.

ಬಿಡಬೇಕಾದದ್ದು ಯಾವುದು ಎಂದು ಕೇಳಿದ್ದೀರಿ. ಆಜ್ಞೆ ಕೊಡುವ ದನಿಯನ್ನು ಬಿಡಬೇಕು. ಸ್ಕ್ವಾಡ್ರನ್ನಿನಲ್ಲಿ, ಅಂದರೆ ವಾಯುಪಡೆಯ ಹಾರಾಟದ ತುಕಡಿಯಲ್ಲಿ, ಎಲ್ಲರೂ ಒಂದೇ ತರಬೇತಿ ಪಡೆದು ಬಂದವರಾದ್ದರಿಂದ ಅರ್ಧ ಮಾತಿನಲ್ಲಿ ಕೆಲಸ ನಡೆಯುತ್ತದೆ. ಇಲ್ಲಿ ನಾನು ಅರ್ಧ ಮಾತಿನಲ್ಲಿ ಗದರಿದಾಗ ಇಬ್ಬರು ಕೆಲಸಗಾರರು ಮರುದಿನದಿಂದ ಬರಲಿಲ್ಲ. ಅದೇ ಸ್ಕ್ವಾಡ್ರನ್ನಿನ ಇನ್ನೊಂದು ಪದ್ಧತಿ, ಹಾರಾಟ ಮುಗಿದ ಮೇಲೆ ಎಲ್ಲರೂ ಕುಳಿತು ಶ್ರೇಣಿ ನೋಡದೆ ತಪ್ಪುಗಳನ್ನು ಹೇಳಿಕೊಳ್ಳುವುದು, ಅದನ್ನು ನಾನು ತಡವಾಗಿ ತಂದೆ. ಶನಿವಾರ ಸಂಜೆ ಚಹಾದೊಂದಿಗೆ ಕುಳಿತುಕೊಳ್ಳುತ್ತೇವೆ, ಮೊದಲ ತಪ್ಪನ್ನು ಯಾವಾಗಲೂ ನಾನೇ ಹೇಳುತ್ತೇನೆ.

ಚೌಕಾಶಿ ಮತ್ತು ಬಾಕಿ, ಇವೆರಡೂ ನಮಗೆ ತಿಳಿಯದ ವಿದ್ಯೆಗಳು. ಸಣ್ಣ ಉದ್ಯಮಗಳಿಂದ ಕೊಂಡವರು 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಪೇಟೆಯ ಪರಿಚಯದ ಅಂಗಡಿಯವನ ಮುಂದೆ ನಿಂತು ಕಾಯ್ದೆ ಓದಲು ಆಗುವುದಿಲ್ಲ. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಲೀಟರಿಗೆ 400 ರೂಪಾಯಿ ದಾಟಿದಾಗ ಹೊರಗಿನವರು ನನಗೆ ಲಾಭವೆಂದುಕೊಂಡರು. ವಾಸ್ತವದಲ್ಲಿ ಅದೇ ಗಿರಣಿ ಓಡಿಸಲು ಕೊಬ್ಬರಿಗೆ ಎರಡು ಪಟ್ಟು ಹಣ ಬೇಕಾಯಿತು, ಮಾರಿದ ಎಣ್ಣೆಯ ಹಣ ಮಾತ್ರ ಹಳೆಯ ವೇಗದಲ್ಲಿಯೇ ಬಂತು. ಆರು ತಿಂಗಳ ಕೊಬ್ಬರಿಯ ಹಣ ಕೈಯಲ್ಲಿಲ್ಲದೆ ಗಿರಣಿ ತೆರೆಯಬೇಡಿ ಎಂದು ಮಾತ್ರ ಒತ್ತಾಯವಾಗಿ ಹೇಳುತ್ತೇನೆ.

ಉತ್ತರ: ಏತಡ್ಕದ ಕೃಷಿಕ

ನಾನು ಸೈನಿಕನಲ್ಲ, ಆದರೆ ನಿಮ್ಮ ಗಿರಾಕಿಯಾಗಬಹುದಾದವನು. ಆದ್ದರಿಂದ ಡ್ರೋನ್ ವಿಷಯದಲ್ಲಿ ನಮ್ಮ ತೋಟಗಳ ಕಡೆಯಿಂದ ಕೆಲವು ಮಾತು ಹೇಳುವುದು ನ್ಯಾಯವೆನಿಸುತ್ತದೆ.

ಅಡಿಕೆಯ ಗೊನೆ ಇರುವುದು ಸೋಗೆಗಳ ಕೆಳಗೆ, ಹಾಳೆ ಕಳಚಿದ ಗಂಟಿನಲ್ಲಿ. ಡ್ರೋನ್ ಹಾರುವುದು ಸೋಗೆಗಳ ಮೇಲೆ. ಮೇಲಿನಿಂದ ಬಿಟ್ಟ ಮದ್ದಿನಲ್ಲಿ ಹೆಚ್ಚಿನ ಪಾಲು ಎಲೆಯ ಮೇಲೆಯೇ ಉಳಿದು, ಗೊನೆಯ ಒಳಮೈಗೆ ತಲಪುವುದು ಬಹಳ ಕಡಿಮೆ. ಕೊಳೆರೋಗ ತಡೆಯಬೇಕಾದರೆ ಪ್ರತಿ ಕಾಯಿಯ ಮೈಗೂ ಬೋರ್ಡೋ ದ್ರಾವಣ ಹಿಡಿದು ಒಣಗಬೇಕು. ಈ ದ್ರಾವಣವಾದರೂ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಸೇರಿಸಿದ್ದು. ಸುಣ್ಣದ ಕಣಗಳು ಡ್ರೋನಿನ ಸೂಕ್ಷ್ಮ ಮೂತಿಗಳನ್ನು ಮುಚ್ಚಿಬಿಡುತ್ತವೆ. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳು ಬರುತ್ತವೆ, ಅವಕ್ಕೆಲ್ಲ ಗೊನೆ ತೊಯ್ಯುವಷ್ಟು ಬಿಡಲು ನೂರಾರು ಲೀಟರ್ ಬೇಕು. ಸಾಮಾನ್ಯವಾಗಿ ಕಾಣುವ ಕೃಷಿ ಡ್ರೋನಿನ ತೊಟ್ಟಿ 10 ಲೀಟರಿನದು. ಗದ್ದೆಗೆ, ಗೋಡಂಬಿಗೆ, ಎಲೆಗೆ ಬೀಳಬೇಕಾದ ಪೋಷಕಾಂಶಕ್ಕೆ ಅದು ಚೆನ್ನಾಗಿರಬಹುದು. ಕೊಳೆರೋಗಕ್ಕೆ ಅದನ್ನೇ ನಂಬಿ ಬನ್ನಿ ಎಂದು ಹೇಳಲು ನನಗೆ ಧೈರ್ಯವಿಲ್ಲ.

ನಮ್ಮಲ್ಲಿ ಈಗ ನಿಜವಾಗಿ ನಡೆಯುತ್ತಿರುವ ಬದಲಾವಣೆ ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದ ಕೋಲು. ನೆಲದಲ್ಲಿ ನಿಂತು 60 ಅಡಿಯ ಮರದ ಗೊನೆಗೆ ಕೆಳಗಿನಿಂದಲೇ ಮದ್ದು ಬಿಡಬಹುದು, ಅದೇ ದೋಟಿಗೆ ಕತ್ತಿ ಕಟ್ಟಿ ಕೊಯ್ಲನ್ನೂ ಮಾಡಬಹುದು. ಕತ್ತು ನೋವು ಬರುವ ಕೆಲಸ ಅದು, ಕಲಿಯಲು ಒಂದು ಹಂಗಾಮು ಬೇಕು. ಮರ ಏರುವವರು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ನಾಲ್ಕು ಮಂದಿಯ ಒಂದು ದೋಟಿ ತಂಡ, ಒಂದು ಜೀಪು, ಒಂದು ಪಂಪು ಇದ್ದರೆ ಮೇ ಕೊನೆಯ ವಾರದಿಂದ ಆಗಸ್ಟ್ ತನಕ ಬಿಡುವಿಲ್ಲದ ಕೆಲಸವಿದೆ. ಮೊದಲ ಮದ್ದು ಮಳೆ ಹಿಡಿಯುವ ಮುನ್ನ, ಎರಡನೆಯದು 40ರಿಂದ 45 ದಿನಗಳ ಬಳಿಕ, ಮಳೆ ಮುಂದುವರಿದರೆ ಮೂರನೆಯದು. ಇಡೀ ಊರಿಗೆ ಒಂದೇ ಹೊತ್ತಿಗೆ ಬೇಕು, ಮಧ್ಯೆ ಮಳೆ ಬಿಡುವುದು ಎರಡು ಮೂರು ಗಂಟೆ. ಯಾವ ತೋಟಕ್ಕೆ ಮೊದಲು ಹೋಗಬೇಕು, ಮೋಡ ನೋಡಿ ದ್ರಾವಣ ಎಷ್ಟು ಕಲಸಬೇಕು, ಕಲಸಿದ್ದನ್ನು ಅದೇ ದಿನ ಹೇಗೆ ಮುಗಿಸಬೇಕು ಎಂಬ ತೀರ್ಮಾನವನ್ನು ಬೆಳಗ್ಗೆ 6 ಗಂಟೆಗೆ ಮಾಡಬಲ್ಲವರು ನಮ್ಮಲ್ಲಿ ಇಲ್ಲ. ಹವಾಮಾನ ಬಿಡುವು ಕೊಡುವ ಹೊತ್ತು ನೋಡಿ ಹಾರಿದ ನಿಮಗೆ ಅದು ಬರುತ್ತದೆಂದು ತೋರುತ್ತದೆ. ದ್ರಾವಣ ಹದವಾಗಿದೆಯೇ ಎಂದು ಹೊಳೆಯುವ ಕತ್ತಿಯನ್ನು ಅದ್ದಿ ನೋಡುವ ಕ್ರಮವೊಂದಿದೆ, ಕತ್ತಿಗೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಬಹಳಷ್ಟು ತಂಡಗಳು ಅವಸರದಲ್ಲಿ ಇದನ್ನು ಬಿಟ್ಟುಬಿಡುತ್ತವೆ, ಹೂವು ಸುಟ್ಟುಹೋದ ಮೇಲೆ ನಮಗೆ ಗೊತ್ತಾಗುತ್ತದೆ.

ಡ್ರೋನನ್ನೇ ಮಾಡುವುದಾದರೆ, 2021ರ ಡ್ರೋನ್ ನಿಯಮಗಳ ಪ್ರಕಾರ ಎಂಐ-17 ಹಾರಿಸಿದವರೂ ಮಾನ್ಯತೆ ಪಡೆದ ತರಬೇತಿ ಸಂಸ್ಥೆಯಿಂದ ಕಲಿತು ದೂರ ಚಾಲಕರ (ರಿಮೋಟ್ ಪೈಲಟ್) ಪ್ರಮಾಣಪತ್ರ ಪಡೆಯಬೇಕು. ಅದು 10 ವರ್ಷ ಚಾಲ್ತಿಯಲ್ಲಿರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾಲಯಕ್ಕೆ ಒಮ್ಮೆ ಹೋಗಿ ವಿಜ್ಞಾನಿಗಳಲ್ಲಿ ಮಾತನಾಡಿಯೇ ಹಣ ಹೂಡಿ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಆ ಸಂಸ್ಥೆ ನಮ್ಮ ಮನೆಬಾಗಿಲಲ್ಲಿದ್ದೂ ನಾವು ಬಳಸಿಕೊಳ್ಳುವುದು ಕಡಿಮೆ.

ಉತ್ತರ: ಪೆರ್ಲದ ಓದುಗ

ಕ್ಯಾಪ್ಟನ್ ಗೋಪಿನಾಥ್ ಅವರ ಉದಾಹರಣೆ ಇಲ್ಲಿ ಸಲ್ಲುತ್ತದೆ ಎಂದು ನನಗೆ ಅನಿಸುತ್ತದೆ. ಹಾಸನ ಜಿಲ್ಲೆಯ ಗೊರೂರಿನ ಅವರು ಭೂಸೇನೆಯನ್ನು ಬಿಟ್ಟು ಬಂದು ಮೊದಲು ಬೇಸಾಯ ಮಾಡಿದರು, ರೇಷ್ಮೆ ಬೆಳೆದರು, ಆಮೇಲೆ 1997ರಲ್ಲಿ ಹೆಲಿಕಾಪ್ಟರ್ ಸೇವೆಯನ್ನೂ 2003ರಲ್ಲಿ ಅಗ್ಗದ ದರದ ವಿಮಾನ ಸೇವೆಯನ್ನೂ ಆರಂಭಿಸಿದರು. ಸೈನಿಕನಾಗಿದ್ದವನಿಗೆ ದೊಡ್ಡ ಕನಸು ಕಾಣುವ ಹಕ್ಕಿದೆ, ಮೂರು ಎಕರೆಯ ಲೆಕ್ಕದಲ್ಲಿಯೇ ಯೋಚನೆ ನಿಲ್ಲಬೇಕಾಗಿಲ್ಲ.

ಉತ್ತರ: ನೀರ್ಚಾಲಿನ ಎಣ್ಣೆಗಿರಣಿಯವ

ಪೆರ್ಲದವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಕಥೆಯಲ್ಲಿ ಹೆಲಿಕಾಪ್ಟರ್ ಹಾರಿಸಬಲ್ಲ ಪೈಲಟ್ ಗೋಪಿನಾಥ್ ಅವರಲ್ಲ. ಆ ವಿದ್ಯೆಯನ್ನು ತಂದವರು ಅವರ ಜತೆಗಾರ, ಭೂಸೇನೆಯ ಹೆಲಿಕಾಪ್ಟರ್ ಪೈಲಟ್ ಆಗಿದ್ದ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್. ಹಾರಾಟ ಬಲ್ಲವರೊಬ್ಬರು, ವ್ಯವಹಾರದ ಹಸಿವಿದ್ದವರೊಬ್ಬರು ಸೇರಿದ್ದರಿಂದ ಅದು ನಿಂತಿತು. ಮುಳ್ಳೇರಿಯದವರು ಆ ಕಥೆಯಿಂದ ತೆಗೆದುಕೊಳ್ಳಬೇಕಾದದ್ದು ಗಾತ್ರವನ್ನಲ್ಲ, ಜತೆಗಾರನ ವಿಷಯವನ್ನು ಎಂದು ನನ್ನ ಅಭಿಪ್ರಾಯ. ನನಗೆ ಅಂಥ ಜತೆ ಸಿಕ್ಕಿದ್ದು ಐದನೆಯ ವರ್ಷದಲ್ಲಿ. ಬದಿಯಡ್ಕ ಪೇಟೆಯಲ್ಲಿ ಹುಟ್ಟಿ ಬೆಳೆದು ಬಾಕಿ ವಸೂಲಿಯನ್ನು ನಗುತ್ತಲೇ ಮಾಡಬಲ್ಲ ಒಬ್ಬ ಸೋದರಳಿಯ ಗಿರಣಿಗೆ ಬಂದ ಮೇಲೆ ನಾನು ರಾತ್ರಿ ನಿದ್ದೆ ಮಾಡುತ್ತಿದ್ದೇನೆ.

ಹಿಂದೆ ಬರೆಯಲು ಮರೆತ ಇನ್ನೊಂದು ವಿಷಯ. ಸಿವಿಲ್ ಪರವಾನಗಿಗೆ ಬೇಕಾದ ವಾಯು ನಿಯಮ, ದಿಕ್ಕು ನಿರ್ಣಯ, ಹವಾಮಾನ ಇತ್ಯಾದಿ ಪರೀಕ್ಷೆಗಳನ್ನು ಸೇವೆಯಲ್ಲಿರುವಾಗಲೇ ಬರೆದಿಡಿ. ಉದ್ಯಮ ಕೈಕೊಟ್ಟರೆ ಹಾರಾಟಕ್ಕೆ ಮರಳುವ ದಾರಿ ತೆರೆದಿರಲಿ. ನಾನು ಬರೆದಿರಲಿಲ್ಲ. ಎರಡನೆಯ ವರ್ಷ ಅದನ್ನು ನೆನೆದು ಬಹಳ ನೊಂದೆ.

ಉತ್ತರ: ಬದಿಯಡ್ಕದ ಹಾಳೆ ತಟ್ಟೆಯವ

ಹಾಳೆ ತಟ್ಟೆಯ ಬಗ್ಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತೇನೆ. ಕೇರಳದಲ್ಲಿ 2020ರ ಜನವರಿಯಿಂದಲೂ ದೇಶಾದ್ಯಂತ 2022ರ ಜುಲೈ 1ರಿಂದಲೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂದಾಗ ನಮಗೆಲ್ಲ ಒಳ್ಳೆಯ ಕಾಲ ಬಂತೆಂದು ಕೆಲವರು ಹೊಸ ಯಂತ್ರ ತಂದರು. ಯಂತ್ರ ಸುಲಭ, ಹಾಳೆ ಕಷ್ಟ. ಮರವೊಂದು ವರ್ಷಕ್ಕೆ ಆರೇಳು ಹಾಳೆ ಬೀಳಿಸುತ್ತದೆ, ಮಳೆಗಾಲದಲ್ಲಿ ಬಿದ್ದದ್ದು ಕಪ್ಪಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಬೇಸಗೆಯ ನಾಲ್ಕೈದು ತಿಂಗಳಲ್ಲಿ ಇಡೀ ವರ್ಷದ ಹಾಳೆ ಕೂಡಿಟ್ಟು, ಜೂನ್ ತಿಂಗಳ ಮೊದಲು ಗಾಳಿಯಾಡುವ ಒಣ ಜಾಗದಲ್ಲಿ ಅಟ್ಟಿ ಕಟ್ಟಬೇಕು. ನಮ್ಮ ಮಳೆಯಲ್ಲಿ ಅದು ಸಣ್ಣ ಕೆಲಸವಲ್ಲ. ನನ್ನ ಮೊದಲ ಮಳೆಗಾಲದಲ್ಲಿ ಕೂಡಿಟ್ಟ ಹಾಳೆಯ ಕಾಲುಭಾಗ ಬೂಷ್ಟು ಹಿಡಿಯಿತು.

2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯಲ್ಲಿರುವ ಅರೆಕೋಲಿನ್ ಮುಂತಾದ ಅಂಶಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ, ಹಾಳೆ ತಟ್ಟೆಗಳಿಗೆ ಅಲ್ಲಿ ಅನುಮತಿ ಇಲ್ಲವೆಂದು ತಿಳಿಸಿತು. ರಫ್ತು ನಂಬಿದ್ದವರಿಗೆ ಅದರಿಂದ ಪೆಟ್ಟು ಬಿತ್ತು. ನಾನು ಮದುವೆ, ಉಪನಯನ, ದೇವಸ್ಥಾನದ ಸಮಾರಾಧನೆಗಳಿಗೆ ಮಾರುವವನಾದ್ದರಿಂದ ಉಳಿದುಕೊಂಡೆ. ಈ ಕೆಲಸಕ್ಕೆ ಇಳಿಯುವುದಾದರೆ ಊರಿನ ಸುತ್ತಿನ ಬೇಡಿಕೆಯನ್ನು ಲೆಕ್ಕ ಹಾಕಿ ಇಳಿಯಿರಿ.

ಸಹಾಯಧನದ ವಿಷಯ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ ಮಾಜಿ ಸೈನಿಕರು ವಿಶೇಷ ವರ್ಗಕ್ಕೆ ಸೇರುತ್ತಾರೆ. ಹಳ್ಳಿಯಲ್ಲಿ ಘಟಕ ಹಾಕಿದರೆ ಯೋಜನಾ ವೆಚ್ಚದ ಶೇಕಡಾ 35ರಷ್ಟು ಸಹಾಯಧನ, ಕೈಯಿಂದ ಹಾಕಬೇಕಾದದ್ದು ಶೇಕಡಾ 5. ಆದರೆ ಅದು ಹೊಸ ಘಟಕಕ್ಕೆ ಮಾತ್ರ. ಯಂತ್ರ ತಂದು ನಿಲ್ಲಿಸಿ ಆಮೇಲೆ ಅರ್ಜಿ ಹಾಕಿದವರು ನಿರಾಶರಾಗಿ ಮರಳಿದ್ದನ್ನು ಕಂಡಿದ್ದೇನೆ. ಆದ್ದರಿಂದ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಈಗಿನ ನಿಯಮ ಕೇಳಿ. ಸಣ್ಣ ಉದ್ಯಮಗಳಿಗಾಗಿ ಇರುವ ಕೇರಳದ 2019ರ ಕಾಯ್ದೆಯ ಪ್ರಕಾರ ಸ್ವೀಕೃತಿ ಪತ್ರ ಪಡೆದು ಉದ್ಯಮ ಆರಂಭಿಸಿ, ಪರವಾನಗಿಗಳನ್ನು ಆಮೇಲೆ ಪಡೆಯಲು ಮೂರು ವರ್ಷಗಳ ಅವಕಾಶವೂ ಇದೆ. ಕಾಗದಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಕನ್ನಡದಲ್ಲಿ ಕೇಳುವುದು ಭಾಷಾ ಅಲ್ಪಸಂಖ್ಯಾತರಾದ ನಮ್ಮ ಹಕ್ಕು, ಕೇಳಲೇಬೇಕು. ಆದರೂ ಹದಿನೇಳಕ್ಕೆ ಊರು ಬಿಟ್ಟ ನಿಮಗೆ ಮಲಯಾಳ ಓದಲು ಬಾರದಿದ್ದರೆ ಈ ಒಂದು ವರ್ಷದಲ್ಲಿ ಕಲಿತುಕೊಳ್ಳಿ. ಸಹಿ ಹಾಕುವ ಕಾಗದವನ್ನು ನಾವೇ ಓದಬೇಕು, ಸರಕಾರಿ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದ ಹುಡುಗನನ್ನು ನಂಬಿ ಸಹಿ ಹಾಕುವುದು ಸರಿಯಲ್ಲ.

ಉತ್ತರ: ಕುಂಬಳೆಯಿಂದ, ವಾಯುಪಡೆಯವರ ಮನೆಯವಳು

ಅಣ್ಣಾ, ನೀವು ತೋಟದ ವಿಷಯ ಬರೆದಿರಿ, ತಂದೆಯವರ ವಿಷಯ ಬರೆದಿರಿ. ಅತ್ತಿಗೆ ಏನು ಹೇಳುತ್ತಾರೆ ಎಂಬುದು ಎಲ್ಲಿಯೂ ಬರಲಿಲ್ಲ. ಅವರಲ್ಲಿ ಕೇಳಿಯೇ ಬರೆದಿದ್ದೀರೆಂದು ನಂಬುತ್ತೇನೆ.

ನನ್ನ ಗಂಡನೂ ಹೆಲಿಕಾಪ್ಟರ್ ಪೈಲಟ್ ಆಗಿದ್ದವರು. 2013ರ ಜೂನ್ 25ರಂದು ಗೌರೀಕುಂಡದ ಬಳಿ ಎಂಐ-17 ಬಿದ್ದು 20 ಮಂದಿ ತೀರಿಕೊಂಡ ಸಂಜೆ ಅವರೂ ಅದೇ ಕಣಿವೆಯಲ್ಲಿ ಹಾರುತ್ತಿದ್ದರು. ರಾತ್ರಿ 11ರ ತನಕ ನನಗೆ ಸುದ್ದಿ ಇರಲಿಲ್ಲ. ಅವರು ಊರಿಗೆ ಬರುತ್ತೇನೆಂದಾಗ ಉದ್ಯಮ ನಡೆಯುತ್ತದೆಯೇ ಎಂದು ನಾನು ಕೇಳಲಿಲ್ಲ, ಸಂಜೆ ಮನೆಗೆ ಬರುತ್ತಾರಲ್ಲ ಎಂದಷ್ಟೇ ಯೋಚಿಸಿದೆ. ಕೇಳಬೇಕಿತ್ತು. ಕುಂಬಳೆಯಲ್ಲಿ ವಾಹನದ ಬಿಡಿಭಾಗಗಳ ಅಂಗಡಿ ತೆರೆದೆವು. ಮೊದಲ ಎರಡು ವರ್ಷ ಅವರು ರಾತ್ರಿ 9ಕ್ಕೆ ಬರುತ್ತಿದ್ದರು, ಬಂದ ಮೇಲೂ ಮಾತಾಡುತ್ತಿರಲಿಲ್ಲ. ಅಂಗಡಿಯ ಲೆಕ್ಕವನ್ನು ನನ್ನ ಕೈಗೆ ಕೊಡಿ ಎಂದು ನಾನೇ ಹಟ ಹಿಡಿದು ತೆಗೆದುಕೊಂಡ ದಿನದಿಂದ ಮನೆಯ ಗಾಳಿ ತಿಳಿಯಾಯಿತು. ಯಾವ ತಿಂಗಳಲ್ಲಿ ಎಷ್ಟು ನಷ್ಟ ಎಂದು ಇಬ್ಬರಿಗೂ ಗೊತ್ತಿದ್ದರೆ ನಷ್ಟ ಅರ್ಧದಷ್ಟು ಹಗುರ.

ಮಕ್ಕಳ ಬಗ್ಗೆ ಒಂದು ಮಾತು. ಚಂಡೀಗಢ, ಬಾಗ್‌ಡೋಗ್ರಾ, ಸೂಲೂರು ಎಂದು ಕೇಂದ್ರೀಯ ವಿದ್ಯಾಲಯಗಳಲ್ಲಿ ಬೆಳೆದ ನನ್ನ ಮಗಳಿಗೆ ಊರಿಗೆ ಬಂದಾಗ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ತುಳು, ಮಲಯಾಳ ಎರಡೂ ಹೊಸತು. ಒಂಬತ್ತನೆಯ ತರಗತಿಯ ನಡುವೆ ಬಂದದ್ದರಿಂದ ಬಹಳ ಅತ್ತಳು. ಆದಷ್ಟು ಶಾಲೆಯ ವರ್ಷದ ಆರಂಭಕ್ಕೆ ಹೊಂದುವಂತೆ ನಿವೃತ್ತಿಯ ದಿನ ಆರಿಸಿಕೊಳ್ಳಿ.

ಕೊನೆಯದಾಗಿ ದೇಹದ ವಿಷಯ. ಹೆಲಿಕಾಪ್ಟರ್ ಪೈಲಟ್‌ಗಳಿಗೆ ಅದುರುವಿಕೆಯಿಂದ ಸೊಂಟ ನೋವು, ಸದ್ದಿನಿಂದ ಕಿವಿ ಮಂದವಾಗುವುದು ಸಾಮಾನ್ಯ. ಹಾರಾಟದಿಂದ ತೆಗೆಯುತ್ತಾರೆಂಬ ಭಯದಿಂದ ಸೇವೆಯಲ್ಲಿರುವಾಗ ಯಾರೂ ಬಾಯಿಬಿಡುವುದಿಲ್ಲ. ಬಿಡುಗಡೆಯ ವೈದ್ಯಕೀಯ ಪರೀಕ್ಷೆಯಲ್ಲಾದರೂ ಎಲ್ಲವನ್ನೂ ಹೇಳಿ ದಾಖಲಿಸಿಕೊಳ್ಳಿ, ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ನನ್ನ ಗಂಡ ಅಂದು ಏನೂ ಇಲ್ಲವೆಂದು ಹೇಳಿ ಬಂದರು. ಈಗ ಗಿರಾಕಿ ಮೆಲ್ಲನೆ ಹೇಳಿದ ಬಿಡಿಭಾಗದ ಹೆಸರು ಅವರಿಗೆ ಕೇಳಿಸುವುದಿಲ್ಲ, ಪಕ್ಕದಲ್ಲಿ ನಿಂತು ನಾನು ಹೇಳುತ್ತೇನೆ. ನಲವತ್ತೆಂಟರ ವಯಸ್ಸಿನವರು ಅವರು.

ಪ್ರಶ್ನೆ ಕೇಳಿದವರ ಮರುಪತ್ರ: ಮುಳ್ಳೇರಿಯದ ಪೈಲಟ್

ಎಲ್ಲರಿಗೂ ಕೃತಜ್ಞತೆಗಳು. ಕುಂಬಳೆಯ ತಂಗಿಯ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಲೆಕ್ಕದ ಪುಸ್ತಕ ತನ್ನ ಕೈಯಲ್ಲಿರಬೇಕೆಂಬ ಷರತ್ತಿನ ಮೇಲೆ ಒಪ್ಪಿದಳು. ಸೊಂಟದ ವಿಷಯವನ್ನು ನಾನೂ ಹನ್ನೆರಡು ವರ್ಷಗಳಿಂದ ಯಾರಿಗೂ ಹೇಳಿಲ್ಲ.

ಏತಡ್ಕದವರ ಮಾತು ಕೇಳಿದ ಮೇಲೆ ಡ್ರೋನ್ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಚೀತಾದಲ್ಲಿ ಸಿಯಾಚಿನ್‌ನ 20,000 ಅಡಿ ಎತ್ತರದ ಹೆಲಿಪ್ಯಾಡುಗಳಿಗೆ ಸೀಮೆಎಣ್ಣೆ ಸಾಗಿಸುವಾಗ, ಆ ದಿನದ ತಾಪಮಾನ ನೋಡಿ, ಎಷ್ಟು ಕಿಲೋ ಹೊರಬಹುದೆಂದು ಲೆಕ್ಕ ಹಾಕಿ, ಹೆಚ್ಚಾದ ಒಂದು ಡಬ್ಬಿಯನ್ನು ಇಳಿಸಿಯೇ ಹೊರಡುತ್ತಿದ್ದೆವು. ಊರಿಗೆ ಹೊರಡುವಾಗ ಮಾತ್ರ ಮೂರು ಉದ್ಯಮಗಳನ್ನೂ ಒಟ್ಟಿಗೆ ಹೇರಿಕೊಂಡು ಹೊರಟಿದ್ದೆನೆಂದು ಈಗ ಕಾಣುತ್ತದೆ.

ಬರುವ ಮೇ ಕೊನೆಯ ವಾರದಿಂದ 30 ದಿನಗಳ ರಜೆಗೆ ಅರ್ಜಿ ಕೊಟ್ಟಿದ್ದೇನೆ. ಆ ರಜೆಯಲ್ಲಿ ದೋಟಿ ತಂಡವೊಂದರ ಜತೆ ಕೂಲಿಯವನಂತೆ ತೋಟದಿಂದ ತೋಟಕ್ಕೆ ಹೋಗಿ ಕೆಲಸ ಕಲಿಯುವ ಉದ್ದೇಶವಿದೆ. ಏತಡ್ಕದವರು ತಮ್ಮ ತೋಟಕ್ಕೆ ಬರುವ ತಂಡದವರಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬಲ್ಲರೇ? ಪರವಾನಗಿಯ ಪರೀಕ್ಷೆಗಳ ಪುಸ್ತಕಗಳನ್ನು ನಿನ್ನೆ ತರಿಸಿಕೊಂಡೆ. ತಂದೆಯವರಿಗೂ ವಿಷಯ ತಿಳಿಸಿದೆ. ಮೊದಲ ಮದ್ದು ನಮ್ಮ ತೋಟಕ್ಕೇ ಆಗಲಿ, ಮೈಲುತುತ್ತು ಈಗಲೇ ತಂದಿಡುತ್ತೇನೆ, ಆಮೇಲೆ ಬೆಲೆ ಏರುತ್ತದೆ ಎಂದರು.